ಸಂತ ಜಾರ್ಜರ ಹಬ್ಬ ಮತ್ತು ಆಂಗ್ಲರ ದೇಶಾಭಿಮಾನ

ಏಪ್ರಿಲ್ 23 ರಕ್ತಸಾಕ್ಷಿ ಸಂತ ಜಾರ್ಜರ ದಿನ. ನಮ್ಮ ದೈವಾರಾಧನಾ ಪಂಚಾಂಗದಲ್ಲಿ ಅದೊಂದು ಐಚ್ಛಿಕ ಸ್ಮರಣೆ ಮಾತ್ರ. ಬಲಿಪೂಜೆ ಅರ್ಪಿಸುವ ಗುರುಗಳಿಗೆ ಮನಸ್ಸಾದರೆ ಕೆಂಪು ಪೂಜಾವಸ್ತ್ರ ಧರಿಸಿ ಆ ಸಂತರನ್ನು ನೆನೆಯುತ್ತಾರೆ. ಇಲ್ಲವಾದರೆ ಪಾಸ್ಖ ಕಾಲದ ಬಿಳಿ ವಸ್ತ್ರದಲ್ಲಿಯೇ ಆ ದಿನ ಸಂದುಹೋಗುತ್ತದೆ. ಇಂಗ್ಲೆಂಡಿನ ಕಥೋಲಿಕ ದೇವಾಲಯಗಳಲ್ಲಿ ಹಾಗಲ್ಲ. ಅಲ್ಲಿ ಅವರು ದೇಶದ ಪಾಲಕ ಸಂತರು. 2000ನೇ ಇಸವಿಯಿಂದ ಈಚೆಗೆ ಅವರ ಹಬ್ಬಕ್ಕೆ ಅಲ್ಲಿನ ಪಂಚಾಂಗದಲ್ಲಿ ಮಹೋತ್ಸವದ ಸ್ಥಾನವಿದೆ.

ಪರದೇಶದ ಈ ಹಬ್ಬದ ಕುರಿತು ಇಲ್ಲಿ ಬರೆಯಲು ಕಾರಣವಾದುದು ತಾಯಿಯೊಬ್ಬರ ಪ್ರಶ್ನೆ. ಅವರ ಮಗಳು ಇಂಗ್ಲೆಂಡಿನ ಪಟ್ಟಣವೊಂದರ ಆಸ್ಪತ್ರೆಯಲ್ಲಿ ದಾದಿಯಾಗಿದ್ದಾಳೆ. 2025ರ ಆಗಸ್ಟ್ ತಿಂಗಳ ಒಂದು ಮುಂಜಾನೆ ರಾತ್ರಿ ಪಾಳಿ ಮುಗಿಸಿ ಮನೆಗೆ ಹಿಂದಿರುಗುವಾಗ, ಬೀದಿಯ ದೀಪದ ಕಂಬಗಳಿಗೆಲ್ಲ ಬಿಳಿಯ ಮೇಲೆ ಕೆಂಪು ಶಿಲುಬೆಯುಳ್ಳ ಬಾವುಟಗಳನ್ನು ಯಾರೋ ಕಟ್ಟಿಹೋಗಿದ್ದರಂತೆ. "ಅಮ್ಮಾ, ಇದು ನಮ್ಮ ಸಂತರದೇ ಶಿಲುಬೆ. ಚಿಕ್ಕಂದಿನಿಂದ ಶಿಲುಬೆ ಕಂಡರೆ ಕೈ ತಾನಾಗಿ ಹಣೆಗೆ ಹೋಗುತ್ತಿತ್ತು. ಈಗ ಇದನ್ನು ಕಂಡರೆ ಬೇಗಬೇಗ ಹೆಜ್ಜೆ ಹಾಕಬೇಕೆನಿಸುತ್ತದೆ" ಎಂದು ಆಕೆ ದೂರವಾಣಿಯಲ್ಲಿ ಹೇಳಿದಳಂತೆ. ಭಾನುವಾರದ ಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಆ ತಾಯಿ ನಮ್ಮನ್ನು ತಡೆದು ಕೇಳಿದರು: "ಆ ಬಾವುಟ ಯಾರದು ಸಾರ್? ಅವರದೋ, ನಮ್ಮದೋ?"

ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಮೊದಲು ಆ ಸಂತರು ಯಾರೆಂಬುದನ್ನು ನೋಡೋಣ.

ಸಂತ ಜಾರ್ಜರ ಬಗ್ಗೆ ಖಚಿತವಾಗಿ ತಿಳಿದಿರುವುದು ಅತ್ಯಲ್ಪ. ಸುಮಾರು 303ನೇ ಇಸವಿಯಲ್ಲಿ, ಚಕ್ರವರ್ತಿ ಡಯೋಕ್ಲೇಷಿಯನ್ ಕ್ರೈಸ್ತರನ್ನು ಹಿಂಸಿಸುತ್ತಿದ್ದ ಕಾಲದಲ್ಲಿ, ಪ್ಯಾಲೆಸ್ತೀನಿನ ಲುದ್ದ ಎಂಬ ಊರಿನಲ್ಲಿ ವಿಶ್ವಾಸಕ್ಕಾಗಿ ಪ್ರಾಣ ತೆತ್ತವರೆಂಬುದು ಅತಿ ಪ್ರಾಚೀನ ಪರಂಪರೆ. ಅವರ ಸಮಾಧಿಯ ಮೇಲೆ ಕಟ್ಟಲಾದ ದೇವಾಲಯವು ಇಂದಿಗೂ ಆ ಊರಿನಲ್ಲಿದೆ. ಇಂದು ಇಸ್ರೇಲ್ ದೇಶದಲ್ಲಿರುವ ಆ ಊರಿಗೆ ಲೋದ್ ಎಂದು ಹೆಸರು. ಸಂತ ಪೇತ್ರರು ಎಂಟು ವರ್ಷ ಹಾಸಿಗೆ ಹಿಡಿದಿದ್ದ ಪಾರ್ಶ್ವವಾಯು ರೋಗಿಯನ್ನು ಗುಣಪಡಿಸಿದ ಲುದ್ದ ಇದೇ; ಪ್ರೇಷಿತರ ಕಾರ್ಯಕಲಾಪಗಳ 9ನೆಯ ಅಧ್ಯಾಯವನ್ನು ಓದಿದವರಿಗೆ ನೆನಪಿರಬಹುದು. ಜಾರ್ಜರ ತಂದೆ ಇಂದಿನ ತುರ್ಕಿಯ ಕಪ್ಪದೋಕ್ಯ ಪ್ರಾಂತ್ಯದವರು, ತಾಯಿ ಪ್ಯಾಲೆಸ್ತೀನಿನವರು, ತಾವು ರೋಮನ್ ಸೈನ್ಯದಲ್ಲಿದ್ದವರು ಎಂದು ಪರಂಪರೆ ಹೇಳುತ್ತದೆ. ದೇವತೆಗಳಿಗೆ ಬಲಿ ಅರ್ಪಿಸಬೇಕೆಂಬ ಅರಸನ ಆಜ್ಞೆಯನ್ನು ಈ ಯೋಧ ಒಪ್ಪಲಿಲ್ಲ. ಕಥೆಯ ಸಾರ ಇಷ್ಟೇ.

ಹಾಗಾದರೆ ಕುದುರೆಯೇರಿ ಘಟಸರ್ಪವನ್ನು ಇರಿಯುವ ಚಿತ್ರವೋ? ನಮ್ಮ ಮನೆಗಳ ಗೋಡೆಯ ಮೇಲೂ ತೂಗುವ ಆ ಚಿತ್ರದ ಕಥೆ ಸಂತರು ಮಡಿದು ಏಳೆಂಟು ಶತಮಾನಗಳು ಕಳೆದ ಬಳಿಕ ಹುಟ್ಟಿಕೊಂಡದ್ದು. 13ನೆಯ ಶತಮಾನದಲ್ಲಿ ಜಕೋಬುಸ್ ದೆ ವೊರಾಜಿನೆ ಎಂಬ ಇಟಲಿಯ ಡೊಮಿನಿಕನ್ ಗುರು ಸಂಕಲಿಸಿದ ಸಂತಚರಿತ್ರೆಯ ಮೂಲಕ ಅದು ಯೂರೋಪಿನಾದ್ಯಂತ ಹರಡಿತು. ಆ ಕಥೆಯಲ್ಲಿಯೂ ಘಟಸರ್ಪವಿದ್ದುದು ಲಿಬಿಯಾದ ಒಂದು ಊರಿನಲ್ಲಿ. ಇಂಗ್ಲೆಂಡಿನ ಸುಳಿವೇ ಇಲ್ಲ. ಈ ವಿಷಯದಲ್ಲಿ ಧರ್ಮಸಭೆ ಎಂದೂ ಮೋಸಹೋಗಿರಲಿಲ್ಲವೆಂಬುದು ಗಮನಾರ್ಹ. ಐದನೆಯ ಶತಮಾನದ ಪೋಪ್ ಗೆಲಾಸಿಯುಸರ ಹೆಸರಿನಲ್ಲಿ ಉಳಿದುಬಂದಿರುವ ಪ್ರಾಚೀನ ಶಾಸನವೊಂದು ಜಾರ್ಜರ ಯಾತನೆಯ ಅತಿರಂಜಿತ ವೃತ್ತಾಂತವನ್ನು ರೋಮಿನ ಸಭೆಯಲ್ಲಿ ಓದುವ ಪದ್ಧತಿಯಿಲ್ಲವೆಂದು ಹೇಳುತ್ತದೆ. ಅದೇ ಶಾಸನ ಎಲ್ಲ ರಕ್ತಸಾಕ್ಷಿಗಳನ್ನೂ ಗೌರವಿಸುತ್ತದೆ. ಅವರ ಹೋರಾಟಗಳನ್ನು ಮನುಷ್ಯರಿಗಿಂತ ಹೆಚ್ಚಾಗಿ ದೇವರೇ ಬಲ್ಲರೆಂದು ಒಪ್ಪಿಕೊಳ್ಳುತ್ತದೆ. 1969ರಲ್ಲಿ ಪಂಚಾಂಗವನ್ನು ಪರಿಷ್ಕರಿಸಿದಾಗ "ಜಾರ್ಜರನ್ನು ಸಂತರ ಪಟ್ಟಿಯಿಂದ ತೆಗೆದುಹಾಕಿದರು" ಎಂಬ ಗಾಳಿಮಾತು ಹಬ್ಬಿ, ಇಂದಿಗೂ ಕೆಲವರ ಬಾಯಲ್ಲಿದೆ. ಅದು ಸುಳ್ಳು. ಸಾರ್ವತ್ರಿಕ ಪಂಚಾಂಗದಲ್ಲಿ ಅವರ ಹಬ್ಬ ಐಚ್ಛಿಕವಾಯಿತು, ಅಷ್ಟೇ. ಸ್ವರ್ಗಸ್ಥರಾದ ಪೋಪ್ ಫ್ರಾನ್ಸಿಸರ ದೀಕ್ಷಾಸ್ನಾನದ ಹೆಸರು ಜಾರ್ಜ್, ಅವರ ಸ್ಪ್ಯಾನಿಷ್ ಭಾಷೆಯಲ್ಲಿ ಹೋರ್ಹೆ. ಅವರು ನಿಧನರಾದುದು 2025ರ ಏಪ್ರಿಲ್ 21ರಂದು. ಅವರ ಪಾರ್ಥಿವ ಶರೀರವನ್ನು ಸಂತ ಪೇತ್ರರ ಮಹಾದೇವಾಲಯದೊಳಗೆ ಕೊಂಡೊಯ್ದ ದಿನ ಏಪ್ರಿಲ್ 23, ಅವರ ಹೆಸರಿನ ಹಬ್ಬದ ದಿನವೇ ಆಗಿತ್ತು.

ಇಂಥ ಪೂರ್ವದೇಶದ ಸಂತರು ಆಂಗ್ಲರಿಗೆ ಪಾಲಕರಾದದ್ದು ಹೇಗೆ? ಇಂಗ್ಲೆಂಡಿಗೆ ತನ್ನದೇ ನೆಲದ ಸಂತರಿಗೇನೂ ಕೊರತೆಯಿರಲಿಲ್ಲ. 869ರಲ್ಲಿ ಡೇನರ ಕೈಯಲ್ಲಿ ಮಡಿದ ಅರಸ ಸಂತ ಎಡ್ಮಂಡರಿದ್ದರು. 1066ರಲ್ಲಿ ತೀರಿಕೊಂಡ ಅರಸ ಸಂತ ಎಡ್ವರ್ಡರಿದ್ದರು. ಬಹುಕಾಲ ದೇಶದ ರಕ್ಷಕರೆಂದು ಜನ ಮೊರೆಹೊಕ್ಕದ್ದು ಇವರನ್ನೇ. ಧರ್ಮಯುದ್ಧಗಳಿಗೆ ಹೋದ ಯೋಧರು ಪವಿತ್ರ ನಾಡಿನಿಂದ ಜಾರ್ಜರ ಭಕ್ತಿಯನ್ನು ಹೊತ್ತುತಂದರು. 1222ರಲ್ಲಿ ಆಕ್ಸ್‌ಫರ್ಡಿನಲ್ಲಿ ಸೇರಿದ ಧರ್ಮಸಭಾ ಸಮ್ಮೇಳನ ಏಪ್ರಿಲ್ 23ನ್ನು ಹಬ್ಬವೆಂದು ಗುರುತಿಸಿತು. 1348ರ ಸುಮಾರಿಗೆ ಮೂರನೆಯ ಎಡ್ವರ್ಡ್ ದೊರೆ ಗಾರ್ಟರ್ ಎಂಬ ವೀರಶ್ರೇಣಿಯನ್ನು ಸ್ಥಾಪಿಸಿ ಅದನ್ನು ಜಾರ್ಜರ ಆಶ್ರಯಕ್ಕೊಪ್ಪಿಸಿದ. 1415ರಲ್ಲಿ ಅಜಿನ್‌ಕೋರ್ಟಿನಲ್ಲಿ ಫ್ರೆಂಚರ ಮೇಲೆ ಜಯ ದೊರೆತ ಬಳಿಕ ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷರು ಈ ಹಬ್ಬವನ್ನು ಕ್ರಿಸ್ತಜಯಂತಿಗೆ ಸಮನಾದ ದರ್ಜೆಗೆ ಏರಿಸಿದರು. ಯುದ್ಧದ ಬಿಸಿಯಲ್ಲಿ ಬೆಳೆದ ಭಕ್ತಿ ಇದೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೂ, ತನ್ನ ರಕ್ತದವರೇ ಆದ ಇಬ್ಬರು ಸಂತ ಅರಸರನ್ನು ಹಿಂದಕ್ಕೆ ಸರಿಸಿ, ತನ್ನ ನೆಲವನ್ನು ಎಂದೂ ತುಳಿಯದ, ತನ್ನ ಭಾಷೆಯ ಒಂದು ಪದವನ್ನೂ ಕೇಳಿರದ ಪೂರ್ವದೇಶದವರೊಬ್ಬರನ್ನು ಒಂದು ಜನಾಂಗ ತನ್ನ ಪಾಲಕರೆಂದು ಸ್ವೀಕರಿಸಿತೆಂಬುದು ಸಣ್ಣ ಸಂಗತಿಯಲ್ಲ. ಅವರು ಆಂಗ್ಲರಿಗೊಬ್ಬರಿಗೇ ಮೀಸಲಾದವರೂ ಅಲ್ಲ. ಜಾರ್ಜಿಯಾ, ಇಥಿಯೋಪಿಯ, ಕೆಟಲೋನಿಯಾ ಅವರನ್ನು ತಮ್ಮ ಪಾಲಕರೆನ್ನುತ್ತವೆ. ಇಟಲಿಯ ಜಿನೋವಾ ನಗರದ ಬಾವುಟವೂ ಅದೇ ಬಿಳಿಯ ಮೇಲಿನ ಕೆಂಪು ಶಿಲುಬೆ. ಲುದ್ದದ ಅರಬ್ ಕ್ರೈಸ್ತರಿಗಂತೂ ಅವರು ಮನೆಯ ಹಿರಿಯರಿದ್ದಂತೆ. ನೆರೆಯ ಕೇರಳದ ಎಡತ್ವಾದಲ್ಲಿ ಪ್ರತಿವರ್ಷ ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ ನಡೆಯುವ ಅವರ ಜಾತ್ರೆಗೆ ಸೇರುವ ಜನಸ್ತೋಮವನ್ನು ನಮ್ಮ ಓದುಗರಲ್ಲಿ ಹಲವರು ಕಣ್ಣಾರೆ ಕಂಡಿರಬಹುದು.

ನಮ್ಮ ನಾಡಿನ ಒಂದು ಭಾಗಕ್ಕೆ ಈ ಸಂತರ ಹೆಸರು ಇನ್ನೊಂದು ದಾರಿಯಲ್ಲಿಯೂ ಬಂತು. ಈಸ್ಟ್ ಇಂಡಿಯಾ ಕಂಪನಿಯವರು 1640ರಲ್ಲಿ ಮದರಾಸಿನಲ್ಲಿ ಕೋಟೆ ಕಟ್ಟತೊಡಗಿದಾಗ ಅದಕ್ಕೆ ಇಟ್ಟ ಹೆಸರು ಸೇಂಟ್ ಜಾರ್ಜ್ ಕೋಟೆ. ಟಿಪ್ಪು ಸುಲ್ತಾನನ ಪತನದ ಬಳಿಕ ಕೆನರಾ ಕಂಪನಿಯ ವಶವಾಯಿತು. ಬಳ್ಳಾರಿ 1953ರಲ್ಲಿಯೂ ದಕ್ಷಿಣ ಕನ್ನಡ 1956ರಲ್ಲಿಯೂ ಮೈಸೂರು ರಾಜ್ಯವನ್ನು ಸೇರಿದವು; ಅಲ್ಲಿಯವರೆಗೆ ಆ ಜಿಲ್ಲೆಗಳ ಜನರಿಗೆ ಸರಕಾರವೆಂದರೆ ಮದರಾಸಿನ ಸರಕಾರ. ಅದರ ರಾಜಪತ್ರದ ಹೆಸರು ಫೋರ್ಟ್ ಸೇಂಟ್ ಜಾರ್ಜ್ ಗೆಜೆಟ್. ಕಂದಾಯದ ಆದೇಶ, ವರ್ಗಾವಣೆಯ ಆದೇಶ, ಭೂಸ್ವಾಧೀನದ ಪ್ರಕಟಣೆ, ಎಲ್ಲದರ ನೆತ್ತಿಯ ಮೇಲೂ ಒಬ್ಬ ರಕ್ತಸಾಕ್ಷಿಯ ಹೆಸರು! ಅರಸನ ಆಜ್ಞೆಯನ್ನು ಧಿಕ್ಕರಿಸಿ ತಲೆಕೊಟ್ಟವರ ಹೆಸರು ಅರಸೊತ್ತಿಗೆಯ ಆಜ್ಞೆಗಳಿಗೆ ಶಿರೋನಾಮೆಯಾದದ್ದು ಇತಿಹಾಸದ ವಿಪರ್ಯಾಸಗಳಲ್ಲೊಂದು.

ಆಂಗ್ಲ ಕಥೋಲಿಕರ ಪಾಲಿಗೆ ಈ ವಿಪರ್ಯಾಸ ಇನ್ನೂ ಕಹಿಯಾಗಿತ್ತು. 16ನೆಯ ಶತಮಾನದಲ್ಲಿ ಎಂಟನೆಯ ಹೆನ್ರಿ ದೊರೆ ರೋಮಿನ ಸಂಬಂಧವನ್ನು ಕಡಿದುಕೊಂಡ ಮೇಲೆ ಮಠಗಳು ಮುಚ್ಚಿಹೋದವು. ಕ್ಯಾಂಟರ್ಬರಿಯಲ್ಲಿದ್ದ ಸಂತ ಥಾಮಸ್ ಬೆಕೆಟ್ಟರ ಸಮಾಧಿಯೂ ವಾಲ್ಸಿಂಗ್‌ಹ್ಯಾಮಿನ ಮಾತೆ ಮರಿಯಮ್ಮನವರ ಪುಣ್ಯಕ್ಷೇತ್ರವೂ 1538ರಲ್ಲಿ ಧ್ವಂಸಗೊಂಡವು. ಸಂತರೆಲ್ಲ ಹೋದರು. ಜಾರ್ಜರ ಶಿಲುಬೆ ಮಾತ್ರ ಹಡಗುಗಳ ಮೇಲೆ, ಕೋಟೆಗಳ ಮೇಲೆ ಉಳಿಯಿತು. ಸಂತರಿಲ್ಲದ ಸಂತರ ಧ್ವಜವದು. ಅದರ ಅಡಿಯಲ್ಲಿಯೇ, ಹಳೆಯ ವಿಶ್ವಾಸವನ್ನು ಬಿಡದ ಆಂಗ್ಲರು ತಮ್ಮದೇ ದೇಶದಲ್ಲಿ ಪರಕೀಯರೆನಿಸಿಕೊಂಡರು. 1570ರಲ್ಲಿ ಪೋಪ್ ಐದನೆಯ ಪಿಯುಸರು ಎಲಿಜಬೆತ್ ರಾಣಿಯನ್ನು ಬಹಿಷ್ಕರಿಸಿ, ಪ್ರಜೆಗಳು ಆಕೆಗೆ ವಿಧೇಯರಾಗಬೇಕಾಗಿಲ್ಲವೆಂದು ಸಾರಿದ್ದು ಈ ಸಂಶಯಕ್ಕೆ ಎಣ್ಣೆ ಸುರಿಯಿತೆಂಬುದನ್ನೂ ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಕಥೋಲಿಕನೆಂದರೆ ರೋಮಿನವನು, ಸ್ಪೇನಿನ ಕಡೆಯವನು, ಒಳಗಿನ ಶತ್ರು ಎಂಬ ಭಾವನೆ ಅಲ್ಲಿ ಸುಮಾರು ಮುನ್ನೂರು ವರ್ಷ ಬೇರೂರಿತ್ತು. ಆಂಗ್ಲತನದ ಹೆಮ್ಮೆಯ ಒಂದು ಭಾಗವೇ ಕಥೋಲಿಕ ದ್ವೇಷವಾಗಿತ್ತೆಂದರೆ ತಪ್ಪಾಗದು.

ಆ ಸಂಶಯಕ್ಕೆ ಗುರಿಯಾದವರು ಏನೆಂದರು? ಸಂತ ಥಾಮಸ್ ಮೋರ್ ದೇಶದ ಪ್ರಧಾನ ನ್ಯಾಯಾಧಿಕಾರಿಯಾಗಿದ್ದವರು. ಅರಸನ ಆಪ್ತ ಮಿತ್ರರು. 1535ರ ಜುಲೈ 6ರಂದು ಶಿರಚ್ಛೇದದ ಕಟ್ಟೆಯ ಮೇಲೆ ನಿಂತು, ತಾವು ಅರಸನಿಗೆ ನಿಷ್ಠ ಸೇವಕರಾಗಿಯೇ ಸಾಯುತ್ತಿರುವುದಾಗಿಯೂ, ಆದರೆ ದೇವರಿಗೆ ಮೊದಲ ಸೇವಕರೆಂದೂ ಹೇಳಿದರು. ಯೇಸುಸಭೆಯ ಸಂತ ಎಡ್ಮಂಡ್ ಕ್ಯಾಂಪಿಯನ್ ಮೇಲೆ 1581ರಲ್ಲಿ ರಾಜದ್ರೋಹದ ಆರೋಪ ಹೊರಿಸಿದಾಗ, ನ್ಯಾಯಾಲಯದಲ್ಲಿ ಅವರು ಕೊಟ್ಟ ಉತ್ತರ ಇನ್ನೂ ನೇರವಾದದ್ದು: ನಮ್ಮನ್ನು ಅಪರಾಧಿಗಳೆಂದರೆ ನೀವು ನಿಮ್ಮ ಪೂರ್ವಜರನ್ನೇ, ಈ ನಾಡಿನ ಪ್ರಾಚೀನ ಧರ್ಮಾಧ್ಯಕ್ಷರನ್ನೂ ಅರಸರನ್ನೂ ಅಪರಾಧಿಗಳೆಂದಂತೆ ಎಂಬುದು ಅದರ ತಾತ್ಪರ್ಯ. ತಮ್ಮ ದೇಶ ತಮ್ಮನ್ನು ಗಲ್ಲಿಗೇರಿಸುತ್ತಿದ್ದಾಗಲೂ ಅವರು ಅದನ್ನು ಬೇರೆಯವರ ದೇಶವೆಂದು ಬಿಟ್ಟುಕೊಡಲಿಲ್ಲ. ಕ್ಯಾಂಪಿಯನ್ ಸೇರಿದಂತೆ ಇಂಗ್ಲೆಂಡ್ ಮತ್ತು ವೇಲ್ಸಿನ 40 ರಕ್ತಸಾಕ್ಷಿಗಳನ್ನು ಪೋಪ್ ಆರನೆಯ ಪಾಲ್ 1970ರ ಅಕ್ಟೋಬರ್ 25ರಂದು ಸಂತರೆಂದು ಘೋಷಿಸಿದರು.

ಈ ಪ್ರಸಂಗದಲ್ಲಿ ಲಂಡನ್ನಿನ ಒಂದು ಜಾಗದ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಥೇಮ್ಸ್ ನದಿಯ ದಕ್ಷಿಣಕ್ಕೆ, ಸದರ್ಕಿನಲ್ಲಿ, ಹಿಂದೆ ಸಂತ ಜಾರ್ಜರ ಮೈದಾನವೆಂಬ ವಿಶಾಲ ಬಯಲಿತ್ತು. 1778ರಲ್ಲಿ ಕಥೋಲಿಕರ ಮೇಲಿನ ಕೆಲವು ನಿರ್ಬಂಧಗಳನ್ನು ಸಂಸತ್ತು ಸಡಿಲಿಸಿದಾಗ ಅದರ ವಿರುದ್ಧ ಚಳವಳಿ ಎದ್ದಿತು. 1780ರ ಜೂನ್ 2ರಂದು ಲಾರ್ಡ್ ಜಾರ್ಜ್ ಗಾರ್ಡನ್ ಎಂಬ ಸಂಸದನ ಕರೆಯಂತೆ ಹತ್ತಾರು ಸಾವಿರ ಜನ ಟೋಪಿಗಳಿಗೆ ನೀಲಿ ಪಟ್ಟಿ ಸಿಕ್ಕಿಸಿಕೊಂಡು ಆ ಬಯಲಿನಲ್ಲಿ ನೆರೆದರು. (ಅವನ ಹೆಸರೂ ಜಾರ್ಜ್!) ಅಲ್ಲಿಂದ ಹೊರಟ ಮೆರವಣಿಗೆ ಸಂಸತ್ತನ್ನು ಮುತ್ತಿತು. ಅಂದು ರಾತ್ರಿಯೇ ಸಾರ್ಡೀನಿಯಾ ಮತ್ತು ಬವೇರಿಯಾ ರಾಯಭಾರಿಗಳ ಪ್ರಾರ್ಥನಾಲಯಗಳ ಮೇಲೆ ದಾಳಿ ನಡೆಯಿತು. ಕಥೋಲಿಕರು ಬಹಿರಂಗವಾಗಿ ಪೂಜೆಗೆ ಹೋಗಬಹುದಾಗಿದ್ದುದು ಅಂಥ ಸ್ಥಳಗಳಿಗೆ ಮಾತ್ರ. ಮುಂದಿನ ದಿನಗಳಲ್ಲಿ ಕಥೋಲಿಕರ ಮನೆ, ಅಂಗಡಿಗಳು ಬೆಂಕಿಗೆ ಆಹುತಿಯಾದವು, ನ್ಯೂಗೇಟ್ ಸೆರೆಮನೆ ಉರಿಯಿತು. ಕೊನೆಗೆ ಸೈನ್ಯ ಬಂದು ಗುಂಡು ಹಾರಿಸಿ ನೂರಾರು ಜನ ಸತ್ತ ಮೇಲಷ್ಟೇ ಗಲಭೆ ಅಡಗಿತು.

ಅದೇ ಬಯಲಿನಲ್ಲಿ, ಅರುವತ್ತೆಂಟು ವರ್ಷಗಳ ಬಳಿಕ, 1848ರ ಜುಲೈಯಲ್ಲಿ ಒಂದು ಕಥೋಲಿಕ ದೇವಾಲಯ ಪ್ರತಿಷ್ಠಾಪನೆಗೊಂಡಿತು. ಅದರ ಶಿಲ್ಪಿ ಮತಾಂತರಗೊಂಡು ಕಥೋಲಿಕರಾಗಿದ್ದ ಅಗಸ್ಟಸ್ ಪ್ಯೂಜಿನ್. ಅದರ ಭಕ್ತರಲ್ಲಿ ಬಹುಪಾಲು ಹಸಿವಿನಿಂದ ಕಂಗೆಟ್ಟು ಸಮುದ್ರ ದಾಟಿಬಂದ ಐರಿಷ್ ಬಡವರು. ಅಂದಿನ ಲಂಡನ್ನಿನ ಕಣ್ಣಿಗೆ ಅವರು ಬೇಡದ ವಲಸಿಗರು. ಆ ದೇವಾಲಯಕ್ಕೆ ಅವರು ಯಾವ ಐರಿಷ್ ಸಂತರ ಹೆಸರನ್ನಾದರೂ ಇಡಬಹುದಿತ್ತು. ಇಟ್ಟದ್ದು ಸಂತ ಜಾರ್ಜರ ಹೆಸರನ್ನು. ಅದೇ ಇಂದಿನ ಸದರ್ಕ್ ಮಹಾಧರ್ಮಪ್ರಾಂತ್ಯದ ಪ್ರಧಾನಾಲಯ. 1941ರ ಏಪ್ರಿಲಿನಲ್ಲಿ ಜರ್ಮನ್ ಬಾಂಬಿನ ಬೆಂಕಿಯಲ್ಲಿ ಅದು ಸುಟ್ಟುಹೋಯಿತು. ನೆರೆಹೊರೆಯ ಪ್ರೊಟೆಸ್ಟಂಟರ ಮನೆಗಳೊಡನೆ ಅದೂ ಉರಿಯಿತು, 1958ರಲ್ಲಿ ಮತ್ತೆ ಎದ್ದು ನಿಂತಿತು. 1982ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಇಂಗ್ಲೆಂಡಿಗೆ ಬಂದಾಗ ರೋಗಿಗಳಿಗೆ ಅಭ್ಯಂಗ ಸಂಸ್ಕಾರ ನೀಡಿದ್ದು ಇದೇ ದೇವಾಲಯದಲ್ಲಿ. ಕಥೋಲಿಕರು ಬೇಡವೆಂದು ಜನ ಕೂಗಿದ ಬಯಲಿನಲ್ಲಿ ಪೋಪರೇ ಬಂದು ಆಂಗ್ಲ ರೋಗಿಗಳ ಹಣೆಗೆ ತೈಲ ಹಚ್ಚಿದರು.

ಆಮೇಲೆ ಕಾಲ ಬಹಳ ಬದಲಾಗಿದೆ. 1829ರ ಕಾನೂನಿನಿಂದ ಕಥೋಲಿಕರಿಗೆ ಸಂಸತ್ತಿನ ಬಾಗಿಲು ತೆರೆದಿತ್ತು; 1995ರ ನವೆಂಬರ್ 30ರಂದು ಎರಡನೆಯ ಎಲಿಜಬೆತ್ ರಾಣಿ ವೆಸ್ಟ್‌ಮಿನ್‌ಸ್ಟರಿನ ಕಥೋಲಿಕ ಪ್ರಧಾನಾಲಯದ ಸಂಧ್ಯಾಪ್ರಾರ್ಥನೆಯಲ್ಲಿ ಪಾಲ್ಗೊಂಡರು; 2025ರ ಅಕ್ಟೋಬರ್ 23ರಂದು ಮೂರನೆಯ ಚಾರ್ಲ್ಸ್ ದೊರೆ ರೋಮಿನ ಸಿಸ್ಟೈನ್ ಪ್ರಾರ್ಥನಾಲಯದಲ್ಲಿ ಪೋಪ್ ಹದಿನಾಲ್ಕನೆಯ ಲಿಯೋ ಅವರ ಜೊತೆ ಪ್ರಾರ್ಥಿಸಿದರು. ದೊರೆಯೇ ಕಥೋಲಿಕನಾಗಕೂಡದೆಂಬ ನಿಯಮವೊಂದು ಮಾತ್ರ ಇನ್ನೂ ಉಳಿದಿದೆ.

ಇಷ್ಟಾದರೂ ಆಂಗ್ಲರಿಗೆ ತಮ್ಮ ಪಾಲಕ ಸಂತರ ಹಬ್ಬವನ್ನು ಆಚರಿಸುವುದು ಹೇಗೆಂಬುದೇ ತಿಳಿಯದಂತಾಗಿದೆ. ಐರಿಷರು ಸಂತ ಪ್ಯಾಟ್ರಿಕರ ಹಬ್ಬವನ್ನು ಜಗತ್ತಿನ ಮೂಲೆಮೂಲೆಯಲ್ಲಿ ಆಚರಿಸುತ್ತಾರೆ. ಸ್ಕಾಟ್ಲೆಂಡಿನಲ್ಲಿ ಸಂತ ಅಂದ್ರೆಯರ ಹಬ್ಬಕ್ಕೆ 2007ರಲ್ಲಿ ರಜೆಯ ಮನ್ನಣೆ ದೊರೆಯಿತು. ಇಂಗ್ಲೆಂಡಿನಲ್ಲಿ ಏಪ್ರಿಲ್ 23ಕ್ಕೆ ಸಾರ್ವಜನಿಕ ರಜೆಯಿಲ್ಲ. ಷೇಕ್ಸ್‌ಪಿಯರ್ ನಿಧನರಾದದ್ದೂ 1616ರ ಅದೇ ದಿನ. ಆದರೂ ಅದು ಇತರ ದಿನಗಳಂತೆ ಒಂದು ದಿನ. ಇದಕ್ಕೆ ಕಾರಣ ಹುಡುಕುವುದು ಕಷ್ಟವಲ್ಲ. 1707ರಲ್ಲಿ ಸ್ಕಾಟ್ಲೆಂಡಿನೊಡನೆ ಒಂದಾದ ಮೇಲೆ, ಸಾಮ್ರಾಜ್ಯ ಬೆಳೆದಂತೆಲ್ಲ, ಆಂಗ್ಲರು ತಮ್ಮನ್ನು "ಬ್ರಿಟಿಷರು" ಎಂದು ಕರೆದುಕೊಳ್ಳುವುದನ್ನು ರೂಢಿಸಿಕೊಂಡರು. ದೊಡ್ಡ ಮನೆಯ ಯಜಮಾನನಿಗೆ ತನ್ನ ಕೋಣೆಗೆ ಬೇರೆ ಹೆಸರಿನ ಅಗತ್ಯ ಬೀಳಲಿಲ್ಲ. 1966ರಲ್ಲಿ ಇಂಗ್ಲೆಂಡ್ ಫುಟ್‌ಬಾಲಿನ ವಿಶ್ವಕಪ್ ಗೆದ್ದಾಗ ವೆಂಬ್ಲಿ ಕ್ರೀಡಾಂಗಣದಲ್ಲಿ ಹಾರಾಡಿದ್ದು ಬ್ರಿಟನ್ನಿನ ಸಂಯುಕ್ತ ಧ್ವಜ. ಸಂತ ಜಾರ್ಜರ ಶಿಲುಬೆ ಅಲ್ಲಿ ಭಾರೀ ಸಂಖ್ಯೆಯಲ್ಲಿ ಕಾಣಿಸಿಕೊಂಡದ್ದು 1996ರ ಯೂರೋಪ್ ಪಂದ್ಯಾವಳಿಯ ಹೊತ್ತಿಗೆ. ಸಾಮ್ರಾಜ್ಯ ಕರಗಿದ ಬಳಿಕ, ಸ್ಕಾಟರೂ ವೆಲ್ಷರೂ ತಮ್ಮತಮ್ಮ ಹೆಸರನ್ನು ಗಟ್ಟಿಯಾಗಿ ಹೇಳತೊಡಗಿದಾಗ, "ಹಾಗಾದರೆ ನಾವು ಯಾರು?" ಎಂಬ ಪ್ರಶ್ನೆ ಆಂಗ್ಲರಿಗೂ ಹುಟ್ಟಿತು.

ಆ ಪ್ರಶ್ನೆಗೆ ಹಲವರು ಹಲವು ಉತ್ತರ ಕೊಟ್ಟರು. ಉಗ್ರ ಬಲಪಂಥೀಯರು ಕೊಟ್ಟ ಉತ್ತರದಲ್ಲಿ ಶಿಲುಬೆ ಬೇಲಿಯ ಗೂಟವಾಯಿತು. ಅದರಿಂದ ಓದುಬರಹ ಬಲ್ಲ ಆಂಗ್ಲರಲ್ಲಿ ಅನೇಕರು ತಮ್ಮ ಬಾವುಟವನ್ನು ಕಂಡರೇ ಮುಜುಗರಪಡುವಂತಾಯಿತು. 2025ರ ಆಗಸ್ಟಿನಲ್ಲಿ ಬರ್ಮಿಂಗ್‌ಹ್ಯಾಮ್ ಪ್ರದೇಶದಿಂದ ಆರಂಭಿಸಿ ಅನೇಕ ಊರುಗಳಲ್ಲಿ ಕಂಬಕಂಬಕ್ಕೆ ಬಾವುಟ ಕಟ್ಟಲಾಯಿತು. ರಸ್ತೆ ಕೂಡುವ ವೃತ್ತಗಳ ಮೇಲೆ ಕೆಂಪು ಶಿಲುಬೆ ಬಳಿಯಲಾಯಿತು. ಆಶ್ರಯ ಕೋರಿ ಬಂದವರನ್ನು ಇರಿಸಿದ್ದ ಹೋಟೆಲುಗಳ ಮುಂದೆ ಪ್ರತಿಭಟನೆ ನಡೆಯುತ್ತಿದ್ದ ದಿನಗಳವು. ಸೆಪ್ಟೆಂಬರ್ 13ರಂದು ಲಂಡನ್ನಿನಲ್ಲಿ ವಲಸೆ ವಿರೋಧಿ ನಾಯಕರ ಕರೆಗೆ ಒಂದು ಲಕ್ಷಕ್ಕೂ ಹೆಚ್ಚು ಜನ ಸೇರಿದರು. ಜಾರ್ಜರ ಬಾವುಟಗಳ ನಡುವೆ ಮರದ ಶಿಲುಬೆಗಳನ್ನೂ ಹೊತ್ತಿದ್ದರು. ಅನ್ಯರನ್ನು ಹೊರಗಿಡಲು ಕ್ರಿಸ್ತನ ಶಿಲುಬೆಯನ್ನು ಬಳಸಿಕೊಳ್ಳುವುದು ಸಲ್ಲದೆಂದು ವಿವಿಧ ಕ್ರೈಸ್ತ ಸಭೆಗಳ ನಾಯಕರು ಬಹಿರಂಗ ಪತ್ರ ಬರೆಯಬೇಕಾಯಿತು.

ಈ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಕಂಬಕ್ಕೆ ಬಾವುಟ ಕಟ್ಟಿದವರೆಲ್ಲರೂ ದ್ವೇಷಿಗಳೆಂದು ನಾವು ಭಾವಿಸುವುದಿಲ್ಲ. ಕಾರ್ಖಾನೆ ಮುಚ್ಚಿದ, ಬಾಡಿಗೆ ಏರಿದ, ಊರ ಮಧ್ಯದ ಅಂಗಡಿಗಳಿಗೆ ಬೀಗ ಬಿದ್ದ ಬಡಾವಣೆಯ ಮನುಷ್ಯನೊಬ್ಬ ತನ್ನದೆಂದು ಹೇಳಿಕೊಳ್ಳಲು ಉಳಿದಿರುವ ಒಂದೇ ವಸ್ತುವನ್ನು ಕಿಟಕಿಗೆ ತೂಗಿಹಾಕಿದರೆ ಅವನನ್ನು ಗದರುವ ಹಕ್ಕು ಯಾರಿಗಿದೆ? ಅವನ ಹೆಮ್ಮೆಯನ್ನು ನಗೆಗೀಡು ಮಾಡಿದ ಸುಶಿಕ್ಷಿತರೂ ಈ ಸ್ಥಿತಿಗೆ ಹೊಣೆಗಾರರೇ. ಸಂತ ಥಾಮಸ್ ಅಕ್ವೀನರು ದೇಶಪ್ರೇಮವನ್ನು ಮಾತಾಪಿತೃಭಕ್ತಿಯ ಪಕ್ಕದಲ್ಲಿಯೇ ಇಟ್ಟರು. ದೇವರ ನಂತರ ಮನುಷ್ಯ ಋಣಿಯಾಗಿರುವುದು ಹೆತ್ತವರಿಗೆ ಮತ್ತು ಹುಟ್ಟಿದ ನಾಡಿಗೆ ಎಂದರು. ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ದೇಶಸೇವೆಯ ವಿಷಯವನ್ನು "ತಂದೆತಾಯಿಗಳನ್ನು ಗೌರವಿಸು" ಎಂಬ ನಾಲ್ಕನೆಯ ಆಜ್ಞೆಯ ಅಡಿಯಲ್ಲಿ ವಿವರಿಸುತ್ತದೆ. ಪೋಪ್ ಎರಡನೆಯ ಜಾನ್ ಪಾಲ್ 1995ರ ಅಕ್ಟೋಬರ್ 5ರಂದು ವಿಶ್ವಸಂಸ್ಥೆಯಲ್ಲಿ ಮಾತನಾಡುತ್ತ, ಅನ್ಯ ರಾಷ್ಟ್ರಗಳನ್ನು ತುಚ್ಛೀಕರಿಸುವ ರಾಷ್ಟ್ರೀಯತೆ ಬೇರೆ, ಸ್ವದೇಶದ ಮೇಲಿನ ಸಹಜ ಪ್ರೀತಿ ಬೇರೆ ಎಂದು ಗೆರೆ ಎಳೆದರು. ಇಂಗ್ಲೆಂಡನ್ನು ಅಪಾರವಾಗಿ ಪ್ರೀತಿಸಿದ, 1922ರಲ್ಲಿ ಕಥೋಲಿಕರಾದ ಲೇಖಕ ಚೆಸ್ಟರ್‌ಟನ್, ಸುತ್ತಲಿನವರೆಲ್ಲ ಜಯಘೋಷ ಮಾಡುತ್ತಿದ್ದಾಗ ಬೋಯರ್ ಯುದ್ಧವನ್ನು ವಿರೋಧಿಸಿದವರು. ತಾಯಿ ತಪ್ಪಿದಾಗ ಮಗನಿಗೆ ನೋವಾಗುವುದು ಪ್ರೀತಿ ಇರುವುದರಿಂದಲೇ.

ಅದೇ ಧರ್ಮೋಪದೇಶ ಗ್ರಂಥದ ಅದೇ ಆಜ್ಞೆಯ ಅಡಿಯಲ್ಲಿ, 2241ನೆಯ ಪರಿಚ್ಛೇದದಲ್ಲಿ, ಇನ್ನೆರಡು ಮಾತುಗಳಿವೆ. ಸಂಪನ್ನ ದೇಶಗಳು ತಮ್ಮ ಶಕ್ತಿಗೆ ತಕ್ಕಷ್ಟು ಪರದೇಶಿಯನ್ನು ಸ್ವಾಗತಿಸಬೇಕು. ವಲಸೆ ಬಂದವನು ತನ್ನನ್ನು ಬರಮಾಡಿಕೊಂಡ ದೇಶದ ಪರಂಪರೆಯನ್ನು ಕೃತಜ್ಞತೆಯಿಂದ ಗೌರವಿಸಬೇಕು. ಎರಡನೆಯ ಮಾತು ಇಂಗ್ಲೆಂಡಿನಲ್ಲಿ ದುಡಿಯುವ ನಮ್ಮ ಮಕ್ಕಳಿಗೂ ಸಲ್ಲುತ್ತದೆ. ಅಲ್ಲಿನ ಹಣ ಬೇಕು, ಅಲ್ಲಿನ ನೆಲದ ಇತಿಹಾಸ ನಮಗೇಕೆ ಎಂಬ ಧೋರಣೆ ನಮ್ಮವರಲ್ಲಿಯೂ ಇಲ್ಲದಿಲ್ಲ. ಕ್ಯಾಂಪಿಯನ್ನರ ಹೆಸರನ್ನೂ ಕೇಳದೆ ಹತ್ತು ವರ್ಷ ಅಲ್ಲಿ ಪೂಜೆಗೆ ಹೋದವರಿದ್ದಾರೆ. ಮೊದಲನೆಯ ಮಾತಿನ ಸತ್ಯಕ್ಕಾದರ ಇಂಗ್ಲೆಂಡಿನ ಚರಿತ್ರೆಯೇ ಸಾಕ್ಷಿ. ಆ ನಾಡಿಗೆ ವಿಶ್ವಾಸವನ್ನು ತಂದವರು 597ರಲ್ಲಿ ಪೋಪ್ ಮಹಾ ಗ್ರೆಗರಿ ಕಳುಹಿಸಿದ ರೋಮಿನ ಸನ್ಯಾಸಿ ಅಗಸ್ಟೀನರು. ಆ ವಿಶ್ವಾಸವನ್ನು ಮರಳಿ ಬೀದಿಗೆ ತಂದವರಲ್ಲಿ ಹೆಚ್ಚಿನವರು ಐರಿಷ್ ಕೂಲಿಗಳು. ಇಂದು ಅಲ್ಲಿನ ಎಷ್ಟೋ ಧರ್ಮಕೇಂದ್ರಗಳ ಪೀಠಗಳನ್ನು ತುಂಬುವವರು ಪೋಲರು, ಫಿಲಿಪಿನೋಗಳು, ನೈಜೀರಿಯದವರು, ಗೋವೆಯವರು, ಮಂಗಳೂರಿನವರು, ಮಲಯಾಳಿಗಳು. ಸೀರೋ ಮಲಬಾರ್ ಸಭೆಗೆ 2016ರಲ್ಲಿ ಬ್ರಿಟನ್ನಿನಲ್ಲಿಯೇ ಒಂದು ಧರ್ಮಪ್ರಾಂತ್ಯ ರಚನೆಯಾಗಿ, ಪ್ರೆಸ್ಟನ್ ಪಟ್ಟಣದಲ್ಲಿ ಸಂತ ಅಲ್ಫೋನ್ಸಾರ ಹೆಸರಿನ ಪ್ರಧಾನಾಲಯವಿದೆ. 1948ರಲ್ಲಿ ಆರಂಭವಾದ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆ ಹೊರನಾಡುಗಳಿಂದ ಬಂದ ದಾದಿಯರಿಲ್ಲದೆ ನಡೆದದ್ದೇ ಇಲ್ಲ.

ಈ ಹಬ್ಬಕ್ಕೆ ಸಂಬಂಧಿಸಿದ ನಿಯಮವೊಂದು ನಮಗೆ ಬಹಳ ಹಿಡಿಸಿತು. ಏಪ್ರಿಲ್ 23 ಪವಿತ್ರ ವಾರದಲ್ಲಿಯೋ ಪಾಸ್ಖದ ಎಂಟು ದಿನಗಳೊಳಗೋ ಬಂದರೆ, ದೇಶದ ಪಾಲಕ ಸಂತರೂ ತಮ್ಮ ಸರದಿಗಾಗಿ ಕಾಯಬೇಕು. ಪಾಸ್ಖದ ಎರಡನೆಯ ಭಾನುವಾರ ಕಳೆದ ಸೋಮವಾರ ಅವರ ಮಹೋತ್ಸವ. 2025ರಲ್ಲಿ ಹಾಗೆಯೇ ಆಯಿತು. ಆ ವರ್ಷ ಏಪ್ರಿಲ್ 20 ಪಾಸ್ಖ ಭಾನುವಾರವಾದ್ದರಿಂದ ಇಂಗ್ಲೆಂಡಿನ ದೇವಾಲಯಗಳು ಸಂತ ಜಾರ್ಜರ ಹಬ್ಬವನ್ನು ಏಪ್ರಿಲ್ 28ರಂದು ಆಚರಿಸಿದವು. ಮದ್ಯದಂಗಡಿಗಳೂ ಮೆರವಣಿಗೆಗಳೂ ತಮ್ಮ ದಿನಾಂಕವನ್ನು ಬಿಡಲಿಲ್ಲ. ಒಂದು ರಾಷ್ಟ್ರದ ಹೆಮ್ಮೆ ಪ್ರಭುವಿನ ಪುನರುತ್ಥಾನಕ್ಕೆ ದಾರಿ ಬಿಟ್ಟು ಐದು ದಿನ ಪಕ್ಕಕ್ಕೆ ನಿಂತಿತು. ಲುದ್ದದ ಯೋಧನಿಗೆ ಅದು ಒಪ್ಪಿಗೆಯಾಗಿಯೇ ಇದ್ದೀತು.

ಆ ತಾಯಿಗೆ ನಾವು ಇದನ್ನೆಲ್ಲ ಅಂಗಳದಲ್ಲಿ ನಿಂತು ಹೇಳಲಾಗಲಿಲ್ಲ. ಮುಂದಿನ ಭಾನುವಾರ ಅವರು ಮತ್ತೆ ಸಿಕ್ಕಾಗ ಸದರ್ಕಿನ ಬಯಲಿನ ಕಥೆಯನ್ನಷ್ಟೇ ಹೇಳಿದೆವು. ಕಥೋಲಿಕರ ವಿರುದ್ಧ ಜನ ನೆರೆದ ಜಾಗದಲ್ಲಿಯೇ ವಲಸೆ ಬಂದ ಬಡವರು ಕಟ್ಟಿದ ದೇವಾಲಯಕ್ಕೆ ಅದೇ ಬಾವುಟದ ಸಂತರ ಹೆಸರಿದೆ, ಬಾವುಟ ನಿಮ್ಮ ಮಗಳದೂ ಹೌದು, ಕಟ್ಟಿದವರಿಗೆ ಅದು ಗೊತ್ತಿಲ್ಲದಿರಬಹುದು ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದರೆ ಈ ಸಲ ಏಪ್ರಿಲ್ 23ಕ್ಕೆ ಪೂಜೆಗೆ ಹೋಗು ಅಂತ ಹೇಳ್ತೇನೆ ಸಾರ್" ಎಂದವರು ಎರಡು ಹೆಜ್ಜೆ ನಡೆದು ಹಿಂದಿರುಗಿ, "ಆದರೆ ಅಲ್ಲಿ ಆ ದಿನ ರಜೆ ಇಲ್ಲ ಅಂದಿರಲ್ಲ? ಅವಳಿಗೆ ಯಾವ ಪಾಳಿ ಬೀಳುತ್ತದೋ, ಕೇಳಿ ನೋಡಬೇಕು" ಎಂದರು.